ಸುಲಿಯಲು ಹಟ ಹಿಡಿವ ಮೊಟ್ಟೆ

"ನಮ್ಮನೆ ಕೋಳಿ ಮೊಟ್ಟೆ ಬೇಯ್ಸಿದ್ರೆ ಸಿಪ್ಪೆ ಜೊತೆಗೆ ಅರ್ಧ ಮೊಟ್ಟೇನೇ ಕಿತ್ಕೊಂಡು ಬರ್ತದೆ. ಸ್ಕೂಲಿಗೆ ಬರೋ ಟ್ರೇ ಮೊಟ್ಟೆ ಮಾತ್ರ ಸಲೀಸಾಗಿ ಬಿಟ್ಕೊಳ್ತದೆ. ಒಳಗಡೆ ಪ್ಲಾಸ್ಟಿಕ್ ಹಾಳೆ ಥರ ಒಂದು ಪೊರೆ ಬರ್ತದೆ. ಅದು ಡೂಪ್ಲಿಕೇಟ್ ಮೊಟ್ಟೆನಾ ಸಾರ್?"

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಯ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವ ತಾಯಿಯೊಬ್ಬರ ಪ್ರಶ್ನೆ ಇದು. ಇದನ್ನು ಕೇಳುವ ಹಕ್ಕು ಅವರಿಗಿಂತ ಹೆಚ್ಚಾಗಿ ಯಾರಿಗಿದೆ? 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಭಾಗದ ಶಾಲೆಗಳಲ್ಲಿ ಶುರುವಾದ ಮೊಟ್ಟೆ ವಿತರಣೆ ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ. ಅಂದರೆ ಅಡುಗೆಮನೆಯ ಈ ಹೆಣ್ಣುಮಕ್ಕಳು ದಿನವೂ ಅನ್ನ, ಸಾರು ಇಳಿಸುವುದರ ಜೊತೆಗೆ ರಾಶಿ ಮೊಟ್ಟೆ ಬೇಯಿಸಿ, ಊಟದ ಗಂಟೆ ಹೊಡೆಯುವುದರೊಳಗೆ ಸುಲಿದಿಡಬೇಕು. ಸುಲಿಯುವುದು ಎಂಥ ತಾಳ್ಮೆಯ ಕೆಲಸ ಎಂಬುದು ಅವರ ಉಗುರಿಗೆ ಗೊತ್ತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎರಡೂ ಅಸಲಿ ಮೊಟ್ಟೆಗಳೇ. ಆ ಪೊರೆ ಎರಡರಲ್ಲೂ ಇದೆ. ಮನೆಯ ಮೊಟ್ಟೆಯಲ್ಲಿ ಅದು ಬಿಳಿಭಾಗಕ್ಕೆ ಅಂಟಿಕೊಂಡು ಚೂರುಚೂರಾಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಟ್ರೇ ಮೊಟ್ಟೆಯಲ್ಲಿ ಇಡಿಯಾಗಿ ಬಿಟ್ಟು ಬರುವುದರಿಂದ ಹಾಳೆಯಂತೆ ಕಾಣುತ್ತದೆ.

ಈ ಪೊರೆಯ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಕೋಳಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ತಯಾರಾಗಲು ಸುಮಾರು ಒಂದು ದಿನ ಬೇಕು. ಹಳದಿಯ ಸುತ್ತ ಬಿಳಿ ಲೋಳೆ ಸೇರಿದ ಮೇಲೆ ಅಂಡನಾಳದ ಒಂದು ಇಕ್ಕಟ್ಟಾದ ಭಾಗದಲ್ಲಿ ಒಂದು ಗಂಟೆಯ ಆಸುಪಾಸಿನಲ್ಲಿ ಈ ಪೊರೆಯ ನೇಯ್ಗೆ ನಡೆಯುತ್ತದೆ. ಪ್ರೋಟೀನಿನ ಎಳೆಗಳು ಅಡ್ಡಾದಿಡ್ಡಿ ಹೆಣೆದುಕೊಂಡು ಒಂದರ ಮೇಲೊಂದು ಎರಡು ಪದರಗಳಾಗುತ್ತವೆ. ಎರಡೂ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಗಟ್ಟಿ ಓಡು ಬರುವುದು ಇದಾದ ಮೇಲೆ. ಈ ಎಳೆಗಳನ್ನೇ ಆಧಾರ ಮಾಡಿಕೊಂಡು ಇಪ್ಪತ್ತು ಗಂಟೆಯಷ್ಟು ಕಾಲ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಟ್ಟುತ್ತಾ ಹೋಗುತ್ತದೆ. ಪೊರೆ ಇಲ್ಲದಿದ್ದರೆ ಓಡೇ ಇಲ್ಲ. ಕೆಲವೊಮ್ಮೆ ಕೋಳಿ 'ತೊಗಲು ಮೊಟ್ಟೆ' ಇಡುತ್ತದಲ್ಲ, ಮುಟ್ಟಿದರೆ ಮೆತ್ತಗೆ ಒತ್ತುವಂಥದ್ದು? ಅದು ಓಡು ಕಟ್ಟುವ ಹಂತ ತಪ್ಪಿ, ಪೊರೆಯನ್ನಷ್ಟೇ ಹೊದ್ದು ಹೊರಬಂದ ಮೊಟ್ಟೆ. ಅದನ್ನು ಅಪಶಕುನ ಅಂತ ಬೀದಿಗೆ ಎಸೆಯುವವರಿದ್ದಾರೆ. ಕೋಳಿಗೆ ಸುಣ್ಣದ ಅಂಶ ಸಾಲದೆ ಹೋಗಿರಬಹುದು, ಬಿಸಿಲಿಗೆ ಬಳಲಿರಬಹುದು, ವಯಸ್ಸಾಗಿರಬಹುದು. ಮೊಟ್ಟೆ ಎಸೆಯುವ ಮುಂಚೆ ಕೋಳಿಯ ಮೇವು ನೋಡಿ.

ಎಳೆಗಳ ನಡುವೆ ಗಂಧಕದ ಕೊಂಡಿಗಳಿರುವುದರಿಂದ ಪೊರೆ ನೀರಿನಲ್ಲಿ ಕುದಿದರೂ ಕರಗುವುದಿಲ್ಲ. ಅದಕ್ಕೇ ಅದು ಪ್ಲಾಸ್ಟಿಕ್ಕಿನಷ್ಟು ಗಟ್ಟಿಮುಟ್ಟಾಗಿ ಕಾಣುತ್ತದೆ. ಅನುಮಾನವಿದ್ದವರು ಪೊರೆಯನ್ನು ಒಣಗಿಸಿ, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಲಿ. ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಪ್ಲಾಸ್ಟಿಕ್ ಆಗಿದ್ದರೆ ಕರಗಿ ತೊಟ್ಟಿಕ್ಕುತ್ತಿತ್ತು. 2017ರಲ್ಲಿ ದೇಶದಲ್ಲೆಲ್ಲ ಪ್ಲಾಸ್ಟಿಕ್ ಮೊಟ್ಟೆಯ ಗುಲ್ಲೆದ್ದಾಗ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ವಿಡಿಯೊಗಳಲ್ಲಿ ಜನ ಎಳೆದು ತೋರಿಸುತ್ತಿದ್ದದ್ದು ಇದೇ ಪೊರೆಯನ್ನು. ಪ್ಲಾಸ್ಟಿಕ್ ಮೊಟ್ಟೆ ಎಂಬುದೇ ಇಲ್ಲ ಎಂದು ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ ಹೇಳಿದ ಮೇಲೂ ಗುಲ್ಲು ನಿಂತಿಲ್ಲ. ಮಗುವಿನ ತಟ್ಟೆಯಿಂದ ಮೊಟ್ಟೆ ತೆಗೆಸುವಷ್ಟು ಬಲ ಒಂದು ಸುಳ್ಳಿಗೆ ಸಿಗುತ್ತದೆ ಎಂಬುದು ನನಗೆ ಸಿಟ್ಟು ಬರಿಸುತ್ತದೆ.

ಇನ್ನು ಅಂಟಿಕೊಳ್ಳುವ ಗುಟ್ಟು. ಆಗತಾನೇ ಇಟ್ಟ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಹೊಸ ಮೊಟ್ಟೆ ಒಡೆದರೆ ಬಿಳಿಭಾಗ ಕೊಂಚ ಮಂಜಾಗಿ ಕಾಣುವುದು ಇದರಿಂದಲೇ. ಆಗ ಅದರ ಪಿಎಚ್ ಸುಮಾರು 7.6. ಓಡಿನಲ್ಲಿ 7,000ದಿಂದ 17,000ದವರೆಗೆ ಸೂಕ್ಷ್ಮ ರಂಧ್ರಗಳಿರುತ್ತವೆ. ಅವುಗಳ ಮೂಲಕ ಅನಿಲ ಹೊರಹೋದಂತೆ ಬಿಳಿ ಹೆಚ್ಚು ಹೆಚ್ಚು ಕ್ಷಾರವಾಗುತ್ತಾ, ಕೆಲವು ದಿನಗಳಲ್ಲಿ ಪಿಎಚ್ 9 ದಾಟುತ್ತದೆ. ಪಿಎಚ್ ಕಡಿಮೆ ಇರುವಾಗ ಬೇಯಿಸಿದರೆ ಬಿಳಿಯ ಪ್ರೋಟೀನ್ ಒಳಪೊರೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಹಿಡಿತ ಬಿಳಿಯ ಸ್ವಂತ ಗಟ್ಟಿತನಕ್ಕಿಂತ ಹೆಚ್ಚು. ಹಾಗಾಗಿ ಎಳೆದಾಗ ಹರಿಯುವುದು ಬಿಳಿಯೇ. ಕ್ಷಾರ ಹೆಚ್ಚಿದ ಮೊಟ್ಟೆಯಲ್ಲಿ ಆ ಹಿಡಿತ ಸಡಿಲ.

ಬಾಗೂರಿನ ಆ ತಾಯಿ ಬೆಳಿಗ್ಗೆ ಗೂಡಿನಿಂದ ಎತ್ತಿದ ನಾಟಿ ಮೊಟ್ಟೆಯನ್ನು ಅಂದೇ ಬೇಯಿಸುತ್ತಾರೆ. ಟ್ರೇ ಮೊಟ್ಟೆ ಫಾರಂನಿಂದ ಲಾರಿ ಹತ್ತಿ, ಮಂಡಿಯಲ್ಲಿ ಕೂತು, ಅಂಗಡಿ ದಾಟಿ ಶಾಲೆಗೆ ಬರುವಷ್ಟರಲ್ಲಿ ಕೆಲವು ದಿನ ಕಳೆದಿರುತ್ತವೆ. ಸುಲಿಯಲು ಹಟ ಹಿಡಿಯುವ ಮೊಟ್ಟೆ ತಾಜಾ ಮೊಟ್ಟೆ. ಮನೆ ಮೊಟ್ಟೆಯನ್ನು ತಂಪು ಜಾಗದಲ್ಲಿ ನಾಲ್ಕೈದು ದಿನ ಇಟ್ಟು ಬೇಯಿಸಿ ನೋಡಲಿ, ಅದೂ ಸಲೀಸಾಗಿ ಬಿಡುತ್ತದೆ.

ಕಾಯಲು ಪುರಸೊತ್ತಿಲ್ಲದಿದ್ದರೆ ಇನ್ನೊಂದು ದಾರಿಯಿದೆ. ತಣ್ಣೀರಿಗೆ ಮೊಟ್ಟೆ ಹಾಕಿ ಒಲೆ ಹೊತ್ತಿಸುವುದು ನಮ್ಮಲ್ಲಿ ರೂಢಿ. ನೀರು ನಿಧಾನವಾಗಿ ಕಾಯುವಾಗ ಬಿಳಿಯ ಪ್ರೋಟೀನುಗಳಿಗೆ ಪೊರೆಯೊಂದಿಗೆ ಬೆಸೆದುಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ಕುದಿಯುವ ನೀರಿಗೆ ನೇರವಾಗಿ ಇಳಿಸಿದರೆ ಹೊರಪದರ ಥಟ್ಟನೆ ಗಟ್ಟಿಯಾಗಿ, ಪೊರೆಗಿಂತ ಹೆಚ್ಚಾಗಿ ತನ್ನೊಳಗೇ ಬಿಗಿದುಕೊಳ್ಳುತ್ತದೆ. ಮನೆಮಂದಿಗೆ ನಾಲ್ಕು ಮೊಟ್ಟೆಯಾದರೆ ಇದು ಸುಲಭ. ಶಾಲೆಯ ಲೆಕ್ಕ ಬೇರೆ. ಹತ್ತು ಲೀಟರ್ ಕುದಿನೀರಿಗೆ ನೂರು ಮೊಟ್ಟೆ ಒಮ್ಮೆಲೇ ಸುರಿದರೆ, ಐದೂವರೆ ಕೆಜಿ ತಣ್ಣನೆಯ ಮೊಟ್ಟೆ ಶಾಖವನ್ನು ಹೀರಿ ನೀರನ್ನು 75 ಡಿಗ್ರಿಯ ಸುತ್ತಮುತ್ತ ಇಳಿಸಬಲ್ಲದು. ಅಲ್ಲಿಗೆ ಮತ್ತೆ ತಣ್ಣೀರಿನ ಕಥೆಯೇ.

ಇದಕ್ಕೆ ಒಳ್ಳೆಯ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ: ಇಡ್ಲಿ ಪಾತ್ರೆ. ತಳದಲ್ಲಿ ಒಂದಿಷ್ಟು ನೀರು ಕುದಿಸಿ, ಆವಿ ಜೋರಾಗಿ ಏಳುವಾಗ ತಟ್ಟೆಗಳಲ್ಲಿ ಮೊಟ್ಟೆ ಜೋಡಿಸಿ ಮುಚ್ಚಿದರೆ ಮೊದಲ ಕ್ಷಣದಿಂದಲೇ ಬಿಸಿ ತಾಗುತ್ತದೆ. ಕುದಿಸಬೇಕಾದ ನೀರು ಕಡಿಮೆ, ಮೊಟ್ಟೆಗಳು ಉರುಳಾಡಿ ಒಂದಕ್ಕೊಂದು ಬಡಿದು ಬಿರಿಯುವುದಿಲ್ಲ. ಹನ್ನೆರಡು-ಹದಿಮೂರು ನಿಮಿಷ ಸಾಕು. ನಮ್ಮ ಸೀಮೆ ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ಮಂಗಳೂರಿಗಿಂತ ಒಂದು ನಿಮಿಷ ಜಾಸ್ತಿ ಕೊಟ್ಟರಾಯಿತು. ಉಪ್ಪು ಹಾಕಿದರೆ ಸಿಪ್ಪೆ ಬಿಡುತ್ತದೆ ಎಂಬುದನ್ನು ಮಾತ್ರ ನಂಬಬೇಡಿ. ಬಿರುಕಿನಿಂದ ಸೋರುವ ಬಿಳಿ ಬೇಗ ಗಟ್ಟಿಯಾಗಲು ಉಪ್ಪು ನೆರವಾಗುತ್ತದೆ, ಅಷ್ಟೇ.

ಬೆಂದ ಕೂಡಲೇ ತಣ್ಣೀರಿಗೆ ಹಾಕಿ. ಹೆಚ್ಚು ಹೊತ್ತು ಬೆಂದ ಮೊಟ್ಟೆಯ ಹಳದಿಯ ಸುತ್ತ ಹಸಿರುಬೂದು ಉಂಗುರ ಕಟ್ಟುತ್ತದಲ್ಲ, ಅದನ್ನು ಕಂಡು 'ಕೆಟ್ಟೋಗಿದೆ', 'ವಿಷ' ಎಂದು ಮಕ್ಕಳು ಪಕ್ಕಕ್ಕಿಡುತ್ತಾರೆ. ಬಿಳಿಯಿಂದ ಹೊರಟ ಹೈಡ್ರೋಜನ್ ಸಲ್ಫೈಡ್ ಹಳದಿಯ ಅಂಚಿನಲ್ಲಿರುವ ಕಬ್ಬಿಣದೊಂದಿಗೆ ಸೇರಿ ಆದ ಬಣ್ಣ ಅದು. ತಿಂದರೆ ಏನೂ ಆಗುವುದಿಲ್ಲ. ಸೋಜಿಗವೆಂದರೆ, ಸುಲಿಯಲು ಸುಲಭ ಮಾಡಿಕೊಡುವ ಅದೇ ಕ್ಷಾರಗುಣ ಈ ಅನಿಲವನ್ನೂ ಹೆಚ್ಚು ಹುಟ್ಟಿಸುತ್ತದೆ. ಹಳೆಯ ಮೊಟ್ಟೆ ಚೆನ್ನಾಗಿ ಸುಲಿಯುತ್ತದೆ, ಉಂಗುರವನ್ನೂ ಬೇಗ ಕಟ್ಟುತ್ತದೆ. ಸಮಯಕ್ಕೆ ಸರಿಯಾಗಿ ಇಳಿಸಿ ತಣ್ಣಗಾಗಿಸಿದರೆ ಉಂಗುರವೂ ಕಟ್ಟುವುದಿಲ್ಲ, ಸುಲಿಯುವುದೂ ಸಲೀಸು.

ಸುಲಿಯುವಾಗ ದಪ್ಪ ತುದಿಯಿಂದ ಶುರುಮಾಡಿ. ಕೋಳಿಯ ಮೈಯ ಶಾಖ 41 ಡಿಗ್ರಿಯಷ್ಟು. ಹೊರಬಿದ್ದ ಮೊಟ್ಟೆ ತಣ್ಣಗಾದಂತೆ ಒಳಗಿನದು ಕುಗ್ಗಿ, ದಪ್ಪ ತುದಿಯಲ್ಲಿ ಪೊರೆಯ ಎರಡು ಪದರಗಳು ಬೇರೆಯಾಗಿ ನಡುವೆ ಗಾಳಿ ತುಂಬಿಕೊಳ್ಳುತ್ತದೆ. ಅಲ್ಲಿ ತಟ್ಟಿದರೆ ಓಡು ಸುಲಭವಾಗಿ ಒಡೆಯುತ್ತದೆ. ಹೆಬ್ಬೆರಳು ಒಳಪದರದ ಕೆಳಗೆ ಹೋಗಬೇಕು, ಹೋದರೆ ಪೊರೆಯೇ ಓಡನ್ನು ಎಳೆದುಕೊಂಡು ಬರುತ್ತದೆ. ನೀರಿನೊಳಗೆ ಸುಲಿದರೆ ಇನ್ನೂ ವಾಸಿ.

ಉಳಿದ ಮೊಟ್ಟೆಯ ವಿಷಯ. ಬೆಂದದ್ದು ಹಸಿಯದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ತದ್ವಿರುದ್ಧ. ಹಸಿ ಬಿಳಿಯಲ್ಲಿ ಲೈಸೋಜೈಮ್ ಎಂಬ ಪ್ರೋಟೀನ್ ಬ್ಯಾಕ್ಟೀರಿಯಾದ ಗೋಡೆ ಒಡೆಯುತ್ತದೆ, ಇನ್ನೊಂದು ಪ್ರೋಟೀನ್ ಕಬ್ಬಿಣವನ್ನೆಲ್ಲ ಹಿಡಿದಿಟ್ಟು ಅವುಗಳನ್ನು ಉಪವಾಸ ಕೆಡವುತ್ತದೆ. ಬೇಯಿಸಿದಾಗ ಈ ಕಾವಲು ಹೋಗುತ್ತದೆ. ಓಡಿನ ಮೇಲಿದ್ದ, ರಂಧ್ರಗಳನ್ನು ಮುಚ್ಚಿದ್ದ ತೆಳು ಲೇಪವೂ ಕೆಡುತ್ತದೆ. ತಣ್ಣೀರಿನಲ್ಲಿ ಮುಳುಗಿಸಿದಾಗ ಒಳಗಿನದು ಕುಗ್ಗಿ ರಂಧ್ರಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ಆ ನೀರು ಕುಡಿಯುವಷ್ಟು ಚೊಕ್ಕವಾಗಿರಬೇಕು. ಬೇಯಿಸಿದ ಮೊಟ್ಟೆಯನ್ನು ಎರಡು ಗಂಟೆಯೊಳಗೆ ತಿನ್ನಬೇಕು, ಇಲ್ಲವೇ ಫ್ರಿಜ್ಜಿಗೆ ಸೇರಿಸಬೇಕು. ಅಲ್ಲಿ ಸಿಪ್ಪೆಯೊಂದಿಗೇ ಇಟ್ಟರೆ ಒಂದು ವಾರ ತಡೆಯುತ್ತದೆ. ಸುಲಿದದ್ದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಮಾರನೆಯ ದಿನದೊಳಗೆ ಮುಗಿಸಿಬಿಡಿ. ಫ್ರಿಜ್ ಇಲ್ಲದ ಶಾಲೆಯಲ್ಲಿ ಅಂದು ಬಂದ ಮಕ್ಕಳ ಲೆಕ್ಕ ಹಿಡಿದೇ ಮೊಟ್ಟೆಯನ್ನು ಒಲೆಗೆ ಹಾಕಿ. ಹಸಿಯಾಗಿ ಉಳಿದದ್ದು ನಾಳೆಗೆ ಬರುತ್ತದೆ, ಬೇಯಿಸಿ ಉಳಿಸಿದ್ದು ಬರುವುದಿಲ್ಲ.