ಕಳ್ಳನಿಗೆ ಎದುರಾಗುತ್ತಿದ್ದ ಜಗಲಿ

ಕಾಪು ಬಳಿಯ ಕುಂಜೂರಿನಲ್ಲಿ 1816ರಲ್ಲಿ ಎದ್ದ ಚೌಕಿಮನೆ ಈಗ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿದೆ. ಸಿಂಡಿಕೇಟ್ ಬ್ಯಾಂಕಿನಲ್ಲಿದ್ದ ವಿಜಯನಾಥ ಶೆಣೈ ಅದನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕಾರ್ಕಳದ ಸಮೀಪದ ಮಿಯಾರಿನ ಮನೆಯೂ ಅಲ್ಲಿಗೆ ಬಂತು. ಕೆತ್ತನೆಯ ಕಂಬಗಳಿಗೆ ಮನಸೋಲುವವರು ಹಳೆಯ ಮನೆಗಳ ಇನ್ನೊಂದು ಜಾಣ್ಮೆಯನ್ನೂ ನೋಡಬೇಕು: ಕಳ್ಳನ ವಿಚಾರದಲ್ಲಿ ಅವು ತೋರುವ ಮುಂದಾಲೋಚನೆ.

ಚೌಕಿಮನೆಯಲ್ಲಿ ಗಾಳಿ ಬೆಳಕು ಬರುವುದು ನಡುವಿನ ಅಂಗಳದಿಂದ. ಹಾಗಾಗಿ ಹೊರಗೋಡೆಗೆ ದೊಡ್ಡ ಕಿಟಕಿ ಬೇಕಿಲ್ಲ. ಮರದ ಸರಳಿನ ಸಣ್ಣ ಕಿಂಡಿ ಸಾಕು. ಬಾಗಿಲು ತಗ್ಗು, ಹೊಸಿಲು ಎತ್ತರ. ಒಳಬರುವವನು ತಲೆ ಬಗ್ಗಿಸಿ, ಕಾಲೆತ್ತಿಯೇ ಬರಬೇಕು, ನುಗ್ಗಲಾರ. ಅಕ್ಕಿಮುಡಿ, ಒಡವೆ ಇರುತ್ತಿದ್ದುದು ಒಳಗಿನ ಕತ್ತಲೆಕೋಣೆಯಲ್ಲಿ.

ಮಾಡಿನ ಕತೆ ಬೇರೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲು ಹಿಂದೆ ಸರಿಯಿತು, ಬೆಂಕಿಯ ಭಯ ಕಡಿಮೆಯಾಯಿತು. ಆದರೆ ಹಂಚನ್ನು ಸದ್ದಿಲ್ಲದೆ ಸರಿಸಬಹುದು. ‘ಹಂಚು ತೆಗೆದು ಒಳನುಗ್ಗಿದ ಕಳ್ಳರು’ ಎಂಬ ಸುದ್ದಿ ಕರಾವಳಿಯ ಪತ್ರಿಕೆಗಳಿಗೆ ಹಳೆಯದು. ಅದಕ್ಕೆ ತಡೆಯಾಗಿ ಇದ್ದದ್ದು ಮುಚ್ಚಿಗೆ: ಮಾಡಿನ ಕೆಳಗೆ ಹಲಗೆ ಜೋಡಿಸಿದ ಗಟ್ಟಿ ಚಾವಣಿ.

ಇವೆಲ್ಲಕ್ಕಿಂತ ದೊಡ್ಡ ಕಾವಲು ಜಗಲಿ. ಹಗಲಲ್ಲಿ ಅಲ್ಲಿ ಎಲೆಯಡಿಕೆ ಹಾಕುವ ಹಿರಿಯರು, ರಾತ್ರಿ ಚಾವಡಿಯಲ್ಲಿ ಮಲಗುವ ಗಂಡಸರು. ತಡಮೆ ದಾಟಿ ಅಂಗಳಕ್ಕೆ ಕಾಲಿಟ್ಟವನನ್ನು ‘ಯಾರದು?’ ಎಂದು ಕೇಳದೆ ಬಿಡುತ್ತಿರಲಿಲ್ಲ. ಅಳಿಯಸಂತಾನದ ಕೂಡುಕುಟುಂಬದಲ್ಲಿ ಮನೆ ಬರಿದಾಗುವುದೇ ಅಪರೂಪ.

ಬೀದಿಯ ಮೇಲೆ ಜನರ ಕಣ್ಣಿದ್ದರೆ ಬೀದಿ ಸುರಕ್ಷಿತ ಎಂದು ಅಮೆರಿಕದ ಜೇನ್ ಜೇಕಬ್ಸ್ ಬರೆದದ್ದು 1961ರಲ್ಲಿ. 1972ರಲ್ಲಿ ಆಸ್ಕರ್ ನ್ಯೂಮನ್ ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳನ್ನು ಪರಿಶೀಲಿಸಿ, ಯಾರೂ ತಮ್ಮದೆಂದು ನೋಡಿಕೊಳ್ಳದ ಮೊಗಸಾಲೆ, ಲಿಫ್ಟುಗಳಲ್ಲೇ ಅಪರಾಧ ಹೆಚ್ಚುತ್ತದೆ ಎಂದರು. ಅಂಗಳ, ಜಗಲಿ, ಚಾವಡಿ ಎಂದು ಹಂತಹಂತವಾಗಿ ಒಳಗೆ ಬಿಟ್ಟುಕೊಳ್ಳುವ ಕ್ರಮ ನಮ್ಮ ಊರಿನ ಬಡಗಿಗಳಿಗೆ ಆಗಲೇ ಕೈವಶವಾಗಿತ್ತು.

1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ದೊಡ್ಡ ಹಿಡುವಳಿಗಳು ಒಡೆದವು. ಮಕ್ಕಳು ಮುಂಬಯಿ, ಗಲ್ಫ್ ಸೇರಿದರು. ಉಡುಪಿಯ ಸುತ್ತ ತಾರಸಿ ಮನೆಗಳೆದ್ದವು. ಜಗಲಿ ಗ್ರಿಲ್ ಹಾಕಿದ ಸಿಟೌಟ್ ಆಯಿತು. ಕೆಂಪುಕಲ್ಲಿನ ಪಾಗಾರ ಆಳೆತ್ತರಕ್ಕೆ ಬೆಳೆಯಿತು. ಇಲ್ಲೇ ಎಡವಿದ್ದು: ಎತ್ತರದ ಪಾಗಾರವನ್ನು ಒಮ್ಮೆ ಹಾರಿದ ಕಳ್ಳ ನೆರೆಯವರ ಕಣ್ಣಿಗೆ ಬೀಳುವುದೇ ಇಲ್ಲ, ಗ್ರಿಲ್ ಕೊಯ್ಯಲು ಅವನಿಗೆ ಬೇಕಾದಷ್ಟು ಸಮಯ. ಮಣಿಪಾಲದ ಫ್ಲ್ಯಾಟುಗಳ ಸಿಸಿಟಿವಿ ಮುಖವನ್ನು ದಾಖಲಿಸುತ್ತದೆ, ‘ಯಾರದು?’ ಎಂದು ಕೇಳುವುದಿಲ್ಲ.

ಹೊಸ ಮನೆ ಕಟ್ಟುವವರು ಪಾಗಾರವನ್ನು ಎದೆಮಟ್ಟಕ್ಕೆ ನಿಲ್ಲಿಸಲಿ. ಅಡುಗೆಮನೆಯ ಒಂದು ಕಿಟಕಿ ಗೇಟಿನ ಕಡೆ ತೆರೆಯಲಿ, ಸಿಟೌಟಿನ ಮುಂದಿನ ಪೊದೆ ತಗ್ಗಿರಲಿ. ಬೆಂಕಿ ಬಿದ್ದಾಗ ಹೊರಗೋಡಲು ಒಂದಾದರೂ ಗ್ರಿಲ್ ಒಳಗಿನಿಂದ ತೆರೆಯುವಂತಿರಬೇಕು.