ಚಿಕ್ಕಂದಿನಿಂದಲೂ ‘ನಾನೇ ಬೇರೆ’ ಎನ್ನಿಸಿದವರಿಗೆ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಯ ಜೊತೆಗೆ ಕೆಲವರು ಮನಸ್ಸಿನ ಮಾತನ್ನೂ ಎರಡು ಸಾಲು ಬರೆದಿರುತ್ತೀರಿ. ಅದರಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದಿದೆ: ನಾನು ಎಲ್ಲರಂತಲ್ಲ, ಚಿಕ್ಕಂದಿನಿಂದಲೂ ಹೀಗೇ, ಯಾಕೆ ಅಂತ ಗೊತ್ತಿಲ್ಲ. ಹಾಗೆ ಅನ್ನಿಸುವುದಕ್ಕೆ ಕಾರಣ ಹತ್ತಾರು ಇರಬಹುದು. ಈ ಸಂಚಿಕೆಯಲ್ಲಿ ಅವುಗಳಲ್ಲಿ ಒಂದರ ಬಗ್ಗೆ ಮಾತಾಡೋಣ. ಅದರ ಹೆಸರು ಆಟಿಸಂ.

ಆಟಿಸಂ ಅಂದ ಕೂಡಲೇ ನಮ್ಮ ಕಣ್ಣೆದುರು ಬರುವುದು ಮಾತೇ ಆಡದ, ಕರೆದರೆ ತಿರುಗಿ ನೋಡದ ಪುಟ್ಟ ಮಗು. ಅಂಥ ಮಕ್ಕಳಿದ್ದಾರೆ, ನಿಜ. ಆದರೆ ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ, ನಲವತ್ತು ದಾಟಿದ ಮೇಲೆ ‘ಓಹೋ, ನನ್ನದು ಇದೇ’ ಎಂದು ತಿಳಿದುಕೊಂಡವರೂ ಇದ್ದಾರೆ. ಆಟಿಸಂ ದೊಡ್ಡವರಾದ ಮೇಲೆ ಅಂಟಿಕೊಳ್ಳುವ ಕಾಯಿಲೆಯಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸ ಅದು. ಹುಟ್ಟಿನಿಂದ ಕೊನೆಯವರೆಗೂ ಜೊತೆಗಿರುತ್ತದೆ. 2021ರ ಲೆಕ್ಕದಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಇದು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಒಳಗಿನಿಂದ ಅದು ಹೇಗಿರುತ್ತದೆ?

ನಮ್ಮ ಮನೆಗಳದ್ದೇ ಉದಾಹರಣೆ ತೆಗೆದುಕೊಳ್ಳಿ. ನೆಂಟರು ಹೊರಡುವಾಗ ‘ಬರ್ತೀನಿ’ ಅನ್ನುತ್ತಾರೆ. ಹೋಗುತ್ತೇನೆ ಅನ್ನಬಾರದು, ಅದು ನಮ್ಮ ಪದ್ಧತಿ. ಹೆಚ್ಚಿನ ಮಕ್ಕಳು ಯಾರೂ ಹೇಳಿಕೊಡದೆಯೇ ಇದನ್ನು ಕಲಿಯುತ್ತಾರೆ. ಒಂದು ಮಗು ಮಾತ್ರ ‘ಹೋಗ್ತಾ ಇದ್ದಾರೆ, ಬರ್ತೀನಿ ಅಂತ ಯಾಕೆ ಹೇಳಿದ್ರು?’ ಎಂದು ಗೇಟಿನ ಬಳಿ ಕಾದು ನಿಂತಿರುತ್ತದೆ. ಅದೇ ಮಗು ದೊಡ್ಡದಾದ ಮೇಲೆ, ಕಾಫಿ ಬೇಕೇ ಎಂದು ಕೇಳಿದಾಗ ಅತಿಥಿ ‘ಬೇಡ’ ಅಂದರೆ ನಿಜವಾಗಿಯೂ ಕೊಡದೆ ಸುಮ್ಮನಾಗಿಬಿಡುತ್ತದೆ. ಎರಡು ಸಲ ಬೇಡ ಅಂದು ಮೂರನೆಯ ಸಲ ತೆಗೆದುಕೊಳ್ಳುವುದು ಮರ್ಯಾದೆ ಎಂಬ ಲೆಕ್ಕ ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಆಡಿದ ಮಾತು ಅರ್ಥವಾಗುತ್ತದೆ, ಆಡದೆ ಬಿಟ್ಟದ್ದು ತಪ್ಪಿಹೋಗುತ್ತದೆ.

ಎರಡನೆಯದು ಇಂದ್ರಿಯಗಳ ವಿಷಯ. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಮದುವೆ ಮನೆಯ ವಾಲಗ, ಅಂಗಿಯ ಕುತ್ತಿಗೆಯಲ್ಲಿ ಚುಚ್ಚುವ ಲೇಬಲ್ಲು, ಟ್ಯೂಬ್‌ಲೈಟಿನ ಮಿಣುಕು ಇವೆಲ್ಲ ಬೇರೆಯವರಿಗೆ ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಕೆಲವರಿಗೆ ಕರಗುವುದಿಲ್ಲ. ಎಲ್ಲ ಸ್ಟೇಷನ್ನುಗಳೂ ಒಂದೇ ಸಲ ಒಂದೇ ರೇಡಿಯೋದಲ್ಲಿ ಕೇಳಿಸಿದ ಹಾಗೆ. ಸಂಜೆ ಆರು ಗಂಟೆಯ ದಾದರ್ ಸ್ಟೇಷನ್ನಿನಲ್ಲಿ ಹಾಗೆ ನಿಂತರೆ ಹೇಗಿರುತ್ತದೆ, ಊಹಿಸಿಕೊಳ್ಳಿ.

ಮೂರನೆಯದು ಒಂದೇ ದಾರಿ, ಒಂದೇ ಕ್ರಮ, ಒಂದೇ ಆಸಕ್ತಿಯ ಮೇಲಿನ ಅಪಾರ ಪ್ರೀತಿ. ರೈಲಿನ ವೇಳಾಪಟ್ಟಿ, ಅಂಚೆಚೀಟಿ, ಹಳೆಯ ಹಾಡುಗಳ ರಾಗ, ಯಾವುದೋ ಒಂದರ ಬಗ್ಗೆ ತಲೆಯಲ್ಲಿ ಗ್ರಂಥವೇ ಇರುತ್ತದೆ. ಮುಂಚೆ ತಿಳಿಸದೆ ಕಾರ್ಯಕ್ರಮ ಬದಲಾದರೆ ಮಾತ್ರ ಇಡೀ ದಿನ ಕೆಡುತ್ತದೆ.

ಮೊದಲ ಹುಡುಗ

‘ಆಟಿಸಂ’ ಎಂಬ ಪದ ಹುಟ್ಟಿದ್ದು ‘ಸ್ವ’ ಎಂಬ ಅರ್ಥದ ಗ್ರೀಕ್ ಪದದಿಂದ. ಕನ್ನಡದಲ್ಲಿ ‘ಸ್ವಲೀನತೆ’ ಅನ್ನುತ್ತೇವೆ, ತನ್ನಲ್ಲೇ ಲೀನವಾಗಿರುವುದು. ಚೆಂದದ ಪದ, ಆದರೆ ಪೂರ್ತಿ ಸರಿಯಿಲ್ಲ. ಇವರಲ್ಲಿ ಎಷ್ಟೋ ಜನ ಗೆಳೆತನಕ್ಕಾಗಿ ಹಂಬಲಿಸುತ್ತಾರೆ, ಅದರ ದಾರಿ ಸಿಗದೆ ಒದ್ದಾಡುತ್ತಾರೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಮೊದಲನೆಯವನು ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಮೂರು ವರ್ಷದ ಮಗುವಾಗಿದ್ದಾಗ ವೈದ್ಯರ ಮಾತಿನಂತೆ ತಂದೆತಾಯಿ ಅವನನ್ನು ಒಂದು ಸಂಸ್ಥೆಗೆ ಸೇರಿಸಿದ್ದರು. ಮನಸ್ಸು ತಡೆಯದೆ ಸುಮಾರು ಒಂದು ವರ್ಷದಲ್ಲಿ ಮನೆಗೆ ಕರೆತಂದರು. ಆ ಮೇಲೆ ಏನಾಯಿತು ಗೊತ್ತೇ? ಡೊನಾಲ್ಡ್ ಶಾಲೆಗೆ ಹೋದರು, 1958ರಲ್ಲಿ ಪದವಿ ಪಡೆದರು, ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ಒಬ್ಬರೇ ದೇಶ ವಿದೇಶ ಸುತ್ತಿದರು. 2023ರಲ್ಲಿ ತೀರಿಕೊಂಡಾಗ ಅವರಿಗೆ 89 ವರ್ಷ. ಅವರ ಸ್ವಭಾವ ಕೊನೆಯವರೆಗೂ ಹಾಗೇ ಇತ್ತು. ಊರಿನವರು ‘ನಮ್ಮ ಡೊನಾಲ್ಡ್ ಹೀಗೆ’ ಎಂದು ಒಪ್ಪಿಕೊಂಡಿದ್ದರು. ಆ ಒಪ್ಪಿಗೆಯಿಂದ ಎಷ್ಟು ಸಾಧ್ಯ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಇಷ್ಟು ತಡವಾಗಿ ತಿಳಿಯುವುದು ಏಕೆ?

ಬಹಳ ಕಾಲ ಲಕ್ಷಣಗಳು ಎದ್ದು ಕಾಣುವ ಮಕ್ಕಳನ್ನೇ ಹೆಚ್ಚಾಗಿ ಗುರುತಿಸುತ್ತಿದ್ದರು. 1981ರಲ್ಲಿ ಇಂಗ್ಲೆಂಡಿನ ವೈದ್ಯೆ ಲೋರ್ನಾ ವಿಂಗ್ (ಅವರ ಮಗಳಿಗೂ ಆಟಿಸಂ ಇತ್ತು) ಚೆನ್ನಾಗಿ ಮಾತಾಡುವವರಲ್ಲೂ ಇದೇ ಲಕ್ಷಣಗಳಿರುವುದನ್ನು ತೋರಿಸಿ, ‘ಆಸ್ಪರ್ಗರ್ ಸಿಂಡ್ರೋಮ್’ ಎಂಬ ಹೆಸರನ್ನು ಬಳಕೆಗೆ ತಂದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆ ಹೆಸರನ್ನು ಕೈಬಿಟ್ಟು ಎಲ್ಲವನ್ನೂ ‘ಆಟಿಸಂ ಸ್ಪೆಕ್ಟ್ರಮ್’ ಎಂಬ ಒಂದೇ ಹೆಸರಿನಡಿ ತಂದಿತು. ನಮ್ಮ ದೇಶದಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ ಹೆಸರು ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದೂ ಸೇರಿತು. ಅಂದರೆ ಇಂದು 40, 50 ವರ್ಷದವರು ಶಾಲೆಯಲ್ಲಿದ್ದಾಗ ಅವರ ಮೇಷ್ಟ್ರಿಗೂ, ಮನೆ ಡಾಕ್ಟರಿಗೂ ಈ ವಿಷಯ ತಿಳಿದಿರುವ ಸಂಭವ ಕಡಿಮೆ. ಅವರಿಗೆ ಸಿಕ್ಕ ಹೆಸರುಗಳೇ ಬೇರೆ: ಮಂಕ, ಒಂಟಿಗ, ಹಟಮಾರಿ, ಸೊಕ್ಕಿನವಳು. ಹೆಣ್ಣುಮಕ್ಕಳ ವಿಷಯದಲ್ಲಂತೂ ‘ಪಾಪ, ನಾಚಿಕೆ ಸ್ವಭಾವ’ ಎಂದು ಹೇಳಿ ಮುಗಿಸಿಬಿಡುತ್ತಿದ್ದರು. ಹುಡುಗಿಯರಲ್ಲಿ ಆಟಿಸಂ ಗುರುತಾಗದೆ ಉಳಿಯುವುದು ಹೆಚ್ಚು ಎಂಬುದನ್ನು ಸಂಶೋಧಕರೂ ಒಪ್ಪುತ್ತಾರೆ.

ಇನ್ನೊಂದು ಕಾರಣ ಮುಖವಾಡ. ಇದು ನಿಮಗೆ ಬೇಗ ಅರ್ಥವಾಗುತ್ತದೆ, ಏಕೆಂದರೆ ನೀವು ಹೊರನಾಡ ಕನ್ನಡಿಗರು. ಇಡೀ ದಿನ ಆಫೀಸಿನಲ್ಲಿ ಹಿಂದಿಯೋ ಮರಾಠಿಯೋ ತಮಿಳೋ ತೆಲುಗೋ ಆಡುತ್ತೀರಿ. ಯಾವ ಪದ, ಯಾವ ಲಿಂಗ, ಎಲ್ಲಿ ನಗಬೇಕು ಎಂದು ಒಳಗೇ ಲೆಕ್ಕ ಹಾಕುತ್ತೀರಿ. ಮನೆಗೆ ಬಂದು ಚಪ್ಪಲಿ ಬಿಟ್ಟು ‘ಅಮ್ಮಾ, ಕಾಫಿ’ ಅಂದಾಗ ನಾಲಿಗೆಗೆ ಉಸಿರು ಬರುತ್ತದೆ. ಆಟಿಸಂ ಇರುವ ಎಷ್ಟೋ ಮಂದಿ ಹೀಗೆಯೇ ಕಣ್ಣಿಗೆ ಕಣ್ಣು ಕೊಡುವುದನ್ನು, ನಗುವುದನ್ನು, ಕುಶಲ ಕೇಳುವುದನ್ನು ಪಾಠದಂತೆ ಕಲಿತು ದಿನವಿಡೀ ನಿಭಾಯಿಸುತ್ತಾರೆ. ಆದರೆ ಅವರಲ್ಲಿ ಅನೇಕರಿಗೆ ಮನೆಯೊಳಗೂ ಸ್ವಂತ ಭಾಷೆ ಇರುವುದಿಲ್ಲ. ಈ ದಣಿವು ವರ್ಷಗಟ್ಟಲೆ ಸೇರಿ ಆತಂಕಕ್ಕೂ ಖಿನ್ನತೆಗೂ ತಿರುಗಬಹುದು. ಮನೆಯವರಿಗೆ ಕಾಣುವುದು ‘ಆಫೀಸಿನಿಂದ ಬಂದವನು ರೂಮು ಸೇರಿಕೊಂಡ’ ಎಂಬುದು ಮಾತ್ರ.

ತಪ್ಪು ಯಾರದು?

ಯಾರದೂ ಅಲ್ಲ. ಒಂದು ಕಾಲದಲ್ಲಿ ತಾಯಿಗೆ ಪ್ರೀತಿ ಸಾಲದೆ ಮಗು ಹೀಗಾಗುತ್ತದೆ ಎಂದು ದೊಡ್ಡ ದೊಡ್ಡ ತಜ್ಞರೇ ಹೇಳಿದ್ದರು. ಅದು ಸುಳ್ಳೆಂದು ಸಾಬೀತಾಗಿದೆ. 1977ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಅವಳಿಗಳ ಅಧ್ಯಯನದ ನಂತರ ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂಬುದು ಸ್ಪಷ್ಟವಾಗುತ್ತಾ ಬಂತು. ಲಸಿಕೆಯಿಂದ ಬರುತ್ತದೆ ಎಂಬ ಭಯ ಹುಟ್ಟಿಸಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಸಂವಹನದ ಕೊರತೆ ಒಂದೇ ಕಡೆಯದು ಎಂಬ ನಂಬಿಕೆಯೂ ಈಗ ಸಡಿಲವಾಗಿದೆ. ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟ ನಾವೆಲ್ಲ ಆಡಿದ್ದೇವಲ್ಲ, ಅದೇ ಆಟವನ್ನು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಡಿಸಿದರು. ಆಟಿಸಂ ಇರುವವರದೇ ಸಾಲು ಉಳಿದವರ ಸಾಲಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು. ಇಬ್ಬರೂ ಬೆರೆತ ಸಾಲಿನಲ್ಲಿ ಹೆಚ್ಚು ಸೋರಿಹೋಯಿತು. 2025ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಪ್ರಯೋಗದಲ್ಲಿ ಮೂರೂ ಸಾಲುಗಳು ಸಮನಾಗಿ ದಾಟಿಸಿದವು. ಎರಡರಿಂದಲೂ ತಿಳಿಯುವುದು ಒಂದೇ: ಇವರಿಗೆ ಹೇಳಲು ಬರುತ್ತದೆ, ಕೇಳಲೂ ಬರುತ್ತದೆ.

ನಗರದ ಕನ್ನಡ ತಾಯ್ತಂದೆಯರಿಗೆ ಒಂದು ಮುಖ್ಯ ಮಾತು. ಮಗುವಿಗೆ ಮಾತು ತಡವಾದರೆ ‘ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಒಂದೇ ಸಾಕು’ ಎಂಬ ಸಲಹೆ ಸಿಗುವುದುಂಟು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಗುವಿನ ಮಾತು ಇನ್ನಷ್ಟು ತಡವಾಗುತ್ತದೆ ಎಂಬುದನ್ನು ಅಧ್ಯಯನಗಳು ಎತ್ತಿಹಿಡಿದಿಲ್ಲ. ಅಜ್ಜಿಯ ಜೊತೆ ಆಡುವ ಭಾಷೆಯನ್ನೇ ಕಿತ್ತುಕೊಂಡರೆ, ಮೊದಲೇ ಒಂಟಿಯಾದ ಮಗು ಇನ್ನಷ್ಟು ಒಂಟಿಯಾಗುತ್ತದೆ.

ನನಗೂ ಇದೇ ಇರಬಹುದೇ?

ಅವಸರ ಬೇಡ. ಮೌನ ಸ್ವಭಾವ ಬೇರೆ, ಜನರ ಭಯ ಬೇರೆ, ಗಮನ ನಿಲ್ಲದಿರುವುದು ಬೇರೆ, ಕಿವಿ ಮಂದವಿರುವುದು ಬೇರೆ. ಮೇಲೆ ಹೇಳಿದಂಥ ಲಕ್ಷಣಗಳು ಬಾಲ್ಯದಿಂದಲೂ ಇದ್ದು, ಬದುಕಿಗೆ ತೊಡಕಾಗಿದ್ದರೆ ಮಾತ್ರ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಕಾಣಿ. ರಕ್ತಪರೀಕ್ಷೆಯಿಂದ ಇದು ತಿಳಿಯುವುದಿಲ್ಲ. ಬಾಲ್ಯದ ವಿವರ ಕೇಳುತ್ತಾರೆ, ಹಾಗಾಗಿ ಅಮ್ಮನನ್ನೋ ದೊಡ್ಡಕ್ಕನನ್ನೋ ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮಕ್ಕಳ ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ದೆಹಲಿಯಲ್ಲಿ 1991ರಿಂದ ‘ಆ್ಯಕ್ಷನ್ ಫಾರ್ ಆಟಿಸಂ’ ಕೆಲಸ ಮಾಡುತ್ತಿದೆ. ಸಿಕಂದರಾಬಾದಿನ ಎನ್‌ಐಇಪಿಐಡಿ, ಚೆನ್ನೈ ಬಳಿಯ ಮುಟ್ಟುಕಾಡಿನ ಎನ್‌ಐಇಪಿಎಂಡಿ ಕೇಂದ್ರ ಸರ್ಕಾರದ ಸಂಸ್ಥೆಗಳು. ಮನಸ್ಸು ತೀರಾ ಭಾರವಾದಾಗ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಆಟಿಸಂ ವಾಸಿ ಮಾಡುವ ಔಷಧಿ ಇಲ್ಲ. ಇದೆ ಎಂದು ಜಾಹೀರಾತು ಕೊಡುವವರಿಂದ ದೂರವಿರಿ. ಆದರೆ ಹೆಸರು ತಿಳಿದರೆ ಉಪಯೋಗ ಬಹಳ. ಗದ್ದಲದಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳಲು ನಾಚಿಕೆ ಆಗುವುದಿಲ್ಲ. ಕೆಲಸವನ್ನು ಬಾಯಲ್ಲಿ ಹೇಳುವ ಬದಲು ಬರೆದುಕೊಡಿ ಎಂದು ಮೇಲಧಿಕಾರಿಯನ್ನು ಕೇಳಬಹುದು. ಮದುವೆ ಮನೆಯಲ್ಲಿ ಅರ್ಧ ಗಂಟೆ ಹೊರಗೆ ಕೂತು ಬರಬಹುದು.

ಮನೆಯವರು ಮಾಡಬೇಕಾದ್ದೂ ಇಷ್ಟೇ. ಸುತ್ತಿ ಬಳಸದೆ ನೇರ ಹೇಳಿ. ಯಾರಾದರೂ ಬರುವುದಿದ್ದರೆ ಮುಂಚೆ ತಿಳಿಸಿ. ‘ಎಲ್ಲರ ಹಾಗೆ ಇರೋಕೆ ಆಗಲ್ವಾ ನಿಂಗೆ?’ ಎಂಬ ಪ್ರಶ್ನೆಯನ್ನು ದಯವಿಟ್ಟು ಬಿಟ್ಟುಬಿಡಿ. ಅದನ್ನು ಅವರು ತಮಗೆ ತಾವೇ ಸಾವಿರ ಸಲ ಕೇಳಿಕೊಂಡಾಗಿದೆ.

ಓದಿ ಆದ ಮೇಲೆ ಏನನ್ನಿಸಿತು, ಬರೆಯಿರಿ. ಹೆಸರು ಬೇಡವೆಂದರೆ ಗಾಳಿಯಲ್ಲಿ ಹೇಳುವುದಿಲ್ಲ. ಹಾಡಿನ ಕೋರಿಕೆ ಮಾತ್ರ ಮರೆಯಬೇಡಿ.