ವಿಮಾನ ನಿಲ್ದಾಣದ ತಪಾಸಣೆ: ಎಷ್ಟು ನಂಬಬಹುದು?

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ. ಇಲ್ಲಿಯವರು ವಿಮಾನ ಹತ್ತಬೇಕಾದರೆ ಹುಬ್ಬಳ್ಳಿಗೋ ಬೆಂಗಳೂರಿಗೋ, 2023ರಿಂದೀಚೆಗೆ ಶಿವಮೊಗ್ಗಕ್ಕೋ ಹೋಗಬೇಕು. ಮೊದಲ ಸಲ ಹೋಗಿ ಬಂದವರು ವಿಮಾನದ ಬಗ್ಗೆ ಹೇಳುವಷ್ಟೇ ತಪಾಸಣೆಯ ಬಗ್ಗೆಯೂ ಹೇಳುತ್ತಾರೆ. ಬೆಲ್ಟ್ ಬಿಚ್ಚಿಸಿದ್ದು, ಚೀಲದೊಳಗಿನ ಬೆಣ್ಣೆ ಡಬ್ಬಿ ತೆಗೆಸಿ ನೋಡಿದ್ದು, ಚೌಕಟ್ಟು ದಾಟುವಾಗ 'ಪೀಂ' ಎಂದು ಸದ್ದಾದದ್ದು, ಹೀಗೆ. ಕೇಳುತ್ತ ಕುಳಿತವರಲ್ಲಿ ಒಬ್ಬರಾದರೂ "ಇಷ್ಟೆಲ್ಲ ಮಾಡಿದರೆ ನಿಜವಾದ ಅಪಾಯ ಸಿಕ್ಕಿಬೀಳುತ್ತದೆಯೇ?" ಎಂದು ಕೇಳದಿರುವುದಿಲ್ಲ.

ಇದು ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ಸ್ವಲ್ಪ ಭೌತವಿಜ್ಞಾನ, ಸ್ವಲ್ಪ ಸಂಭವನೀಯತೆಯ ಲೆಕ್ಕ ಬೇಕು. ಎರಡೂ ಪ್ರೌಢಶಾಲೆಯ ಮಟ್ಟದವೇ. ಬನ್ನಿ, ಒಂದೊಂದಾಗಿ ನೋಡೋಣ.

ಚೌಕಟ್ಟು ಏನನ್ನು ಗುರುತಿಸುತ್ತದೆ?

ನೀವು ಹಾದುಹೋಗುವ ಬಾಗಿಲಿನಂಥ ಚೌಕಟ್ಟು ಒಂದು ಲೋಹಶೋಧಕ. ಅದರ ಪಕ್ಕಗಳಲ್ಲಿ ತಂತಿಯ ಸುರುಳಿಗಳಿವೆ. ಅವುಗಳಲ್ಲಿ ಬದಲಾಗುತ್ತಿರುವ ವಿದ್ಯುತ್ ಹರಿದಾಗ ಚೌಕಟ್ಟಿನೊಳಗೆ ಬದಲಾಗುತ್ತಿರುವ ಕಾಂತಕ್ಷೇತ್ರ ಉಂಟಾಗುತ್ತದೆ. ಲೋಹದ ವಸ್ತುವೊಂದು ಅದರೊಳಕ್ಕೆ ಬಂದರೆ ಫ್ಯಾರಡೆಯ ನಿಯಮದಂತೆ ಆ ಲೋಹದಲ್ಲಿ ಸುಳಿಪ್ರವಾಹಗಳು ಹುಟ್ಟುತ್ತವೆ. ಈ ಪ್ರವಾಹಗಳಿಗೆ ತಮ್ಮದೇ ಆದ ಪುಟ್ಟ ಕಾಂತಕ್ಷೇತ್ರವಿರುತ್ತದೆ. ಗ್ರಾಹಕ ಸುರುಳಿ ಅದನ್ನು ಗುರುತಿಸಿ ಸದ್ದು ಮಾಡಿಸುತ್ತದೆ.

ಇದನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಮೀಟರ್ ಉದ್ದದ ತಾಮ್ರದ ಅಥವಾ ಅಲ್ಯೂಮಿನಿಯಮ್ ಕೊಳವೆ ತನ್ನಿ. ಅಷ್ಟೇ ಉದ್ದದ ಪಿವಿಸಿ ಪೈಪೂ ಇರಲಿ. ಒಂದು ಬಲವಾದ ಪುಟ್ಟ ಆಯಸ್ಕಾಂತವನ್ನು ಎರಡರೊಳಗೂ ಬಿಟ್ಟು ನೋಡಿ. ಪಿವಿಸಿಯಲ್ಲಿ ಅದು ಥಟ್ಟನೆ ಬೀಳುತ್ತದೆ. ತಾಮ್ರದಲ್ಲಿ ನಿಧಾನವಾಗಿ ಇಳಿಯುತ್ತದೆ. ಆಯಸ್ಕಾಂತಕ್ಕೆ ಅಂಟದ ಲೋಹದಲ್ಲಿಯೂ ಸುಳಿಪ್ರವಾಹ ಹುಟ್ಟುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಇದೇ ಪ್ರಯೋಗ ಲೋಹಶೋಧಕದ ಮಿತಿಯನ್ನೂ ತಿಳಿಸುತ್ತದೆ. ಪಿವಿಸಿ ಪೈಪಿನಲ್ಲಿ ಏನೂ ಆಗಲಿಲ್ಲ, ಅಲ್ಲವೇ? ಹಾಗೆಯೇ ಪ್ಲಾಸ್ಟಿಕ್, ಪಿಂಗಾಣಿ, ಸ್ಫೋಟಕದ ಪುಡಿ ಇವು ಯಾವುವೂ ಚೌಕಟ್ಟಿಗೆ 'ಕಾಣಿಸುವುದಿಲ್ಲ'. ಇನ್ನೊಂದು ಕಡೆ, ಮೊಣಕಾಲಿಗೆ ಲೋಹದ ಕೀಲು ಹಾಕಿಸಿಕೊಂಡ ಅಜ್ಜಿಗೂ ಅದು ಪೀಂ ಎನ್ನಬಹುದು. ಆ ಸದ್ದಿನ ಅರ್ಥ 'ಇಲ್ಲಿ ಲೋಹವಿದೆ' ಎಂದಷ್ಟೇ. 'ಇಲ್ಲಿ ಅಪಾಯವಿದೆ' ಎಂದಲ್ಲ.

ಬೆಣ್ಣೆ ಡಬ್ಬಿ ತೆಗೆಸುವುದೇಕೆ?

ಚೀಲಗಳನ್ನು ಪರೀಕ್ಷಿಸುವುದು ಕ್ಷ-ಕಿರಣ ಯಂತ್ರ. ಕ್ಷ-ಕಿರಣಗಳನ್ನು ಯಾವ ವಸ್ತು ಎಷ್ಟು ಹೀರುತ್ತದೆ ಎಂಬುದು ಅದರ ದಪ್ಪ, ಸಾಂದ್ರತೆ ಮತ್ತು ಪರಮಾಣು ಸಂಖ್ಯೆಗಳನ್ನು ಅವಲಂಬಿಸಿದೆ. ಒಂದೇ ಚಿತ್ರದಲ್ಲಿ ದಪ್ಪ ಪ್ಲಾಸ್ಟಿಕ್ಕೂ ತೆಳು ಕಬ್ಬಿಣವೂ ಒಂದೇ ತರಹ ಕಪ್ಪಾಗಿ ಕಾಣಬಹುದು. ಆದ್ದರಿಂದ ಯಂತ್ರ ಹೆಚ್ಚು ಶಕ್ತಿಯ ಮತ್ತು ಕಡಿಮೆ ಶಕ್ತಿಯ ಕಿರಣಗಳಲ್ಲಿ ಎರಡು ಚಿತ್ರ ತೆಗೆದು ಹೋಲಿಸುತ್ತದೆ. ಪರಮಾಣು ಸಂಖ್ಯೆ ಹೆಚ್ಚಿದ್ದಷ್ಟೂ ಕಡಿಮೆ ಶಕ್ತಿಯ ಕಿರಣಗಳು ಬಹಳ ಹೆಚ್ಚಾಗಿ ಹೀರಲ್ಪಡುತ್ತವೆ. ಎರಡು ಚಿತ್ರಗಳ ಅನುಪಾತದಿಂದ ವಸ್ತುವಿನ ಬಗೆಯನ್ನು ಊಹಿಸಿ ಪರದೆಯ ಮೇಲೆ ಬಣ್ಣ ಕೊಡಲಾಗುತ್ತದೆ. ಸಾಮಾನ್ಯವಾಗಿ ಸಾವಯವ ವಸ್ತುಗಳಿಗೆ ಕಿತ್ತಳೆ, ಕಬ್ಬಿಣದಂಥ ಲೋಹಗಳಿಗೆ ನೀಲಿ, ನಡುವಿನವಕ್ಕೆ ಹಸಿರು.

ತೊಡಕು ಇರುವುದು ಕಿತ್ತಳೆಯಲ್ಲಿ. ಸ್ಫೋಟಕಗಳಲ್ಲಿ ಬಹುಪಾಲು ಕಾರ್ಬನ್, ಹೈಡ್ರೊಜನ್, ನೈಟ್ರೊಜನ್ ಮತ್ತು ಆಕ್ಸಿಜನ್‌ಗಳಿಂದಾದವು. ಬೆಣ್ಣೆ, ಸೋಪು, ಬೆಲ್ಲ, ಪುಸ್ತಕ ಇವೂ ಮುಖ್ಯವಾಗಿ ಅಂಥ ಹಗುರ ಪರಮಾಣುಗಳಿಂದಲೇ ಆದವು. ಪರದೆಯ ಮೇಲೆ ಎಲ್ಲವೂ ಕಿತ್ತಳೆ! ಅನುಮಾನ ಬಂದರೆ ಡಬ್ಬಿ ತೆಗೆಸಿ ನೋಡದೆ ದಾರಿಯಿಲ್ಲ. ದ್ರವ ಸ್ಫೋಟಕಗಳಿಂದ ವಿಮಾನಗಳನ್ನು ಉರುಳಿಸುವ ಸಂಚು 2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ಬಯಲಾದ ಮೇಲೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದ ದ್ರವಗಳಿಗೆ 100 ಮಿಲಿಲೀಟರ್ ಮಿತಿ ಬಂದದ್ದಕ್ಕೂ ಇಂಥದೇ ಕಾರಣವಿದೆ. ನೀರನ್ನೂ ಅಪಾಯಕಾರಿ ದ್ರವವನ್ನೂ ಆಗಿನ ಯಂತ್ರಗಳು ಸುಲಭವಾಗಿ ಬೇರ್ಪಡಿಸಲಾರದಾಗಿದ್ದವು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನಂತೆ ಹಲವು ಕೋನಗಳಿಂದ ನೋಡಿ ಸಾಂದ್ರತೆಯನ್ನು ಲೆಕ್ಕ ಹಾಕುವ ಯಂತ್ರಗಳು ಈ ಕೆಲಸದಲ್ಲಿ ಮೇಲು.

ಹರಿಹರದ ಲೆಕ್ಕ

ಈಗ ಯಂತ್ರವನ್ನು ಬದಿಗಿಟ್ಟು ಲೆಕ್ಕಕ್ಕೆ ಬರೋಣ. 2011ರ ಜನಗಣತಿಯಂತೆ ಹರಿಹರ ನಗರದ ಜನಸಂಖ್ಯೆ ಸುಮಾರು 83,000. ಅಷ್ಟೂ ಜನ ಸಾಲಾಗಿ ನಿಂತು ಒಂದು ತಪಾಸಣಾ ದ್ವಾರವನ್ನು ದಾಟುತ್ತಾರೆ ಎಂದು ಕಲ್ಪಿಸಿಕೊಳ್ಳಿ. ಅವರಲ್ಲಿ ಒಬ್ಬನ ಬಳಿ ಮಾತ್ರ ಅಪಾಯದ ವಸ್ತುವಿದೆ. ಯಂತ್ರ ಬಹಳ ಒಳ್ಳೆಯದು: ಅಪಾಯವಿದ್ದರೆ 100ರಲ್ಲಿ 99 ಬಾರಿ ಸದ್ದು ಮಾಡುತ್ತದೆ, ಇಲ್ಲದವರಿಗೆ 100ರಲ್ಲಿ ಒಮ್ಮೆ ಮಾತ್ರ ತಪ್ಪಾಗಿ ಸದ್ದು ಮಾಡುತ್ತದೆ. ಯಂತ್ರ ಪೀಂ ಎಂದಿತು. ಮುಂದೆ ನಿಂತಿರುವ ವ್ಯಕ್ತಿಯೇ ಅಪರಾಧಿ ಎನ್ನುವ ಸಂಭವ ಎಷ್ಟು?

'ಶೇಕಡ 99' ಎಂದು ಉತ್ತರಿಸಿದಿರಾ? ಎಣಿಸಿ ನೋಡಿ. ನಿರಪರಾಧಿಗಳ ಶೇಕಡ 1 ಎಂದರೆ ಸುಮಾರು 830 ಜನ. ನಿಜವಾದವನು ಒಬ್ಬ. ಸದ್ದಾದ 831 ಮಂದಿಯಲ್ಲಿ ಒಬ್ಬ ಮಾತ್ರ ಅಪಾಯಕಾರಿ. ಶೇಕಡ 1ರ ಎಂಟನೆಯ ಒಂದು ಭಾಗಕ್ಕಿಂತಲೂ ಕಡಿಮೆ!

ಹಾಗಾದರೆ ಯಂತ್ರ ನಿಷ್ಪ್ರಯೋಜಕವೇ? ಇಲ್ಲ. ಮೊದಲು 83,000 ಜನರಲ್ಲಿ ಹುಡುಕಬೇಕಿತ್ತು, ಈಗ 831 ಜನರಲ್ಲಿ ಹುಡುಕಿದರೆ ಸಾಕು. ಇವರನ್ನು ಬೇರೆ ಬಗೆಯ ಎರಡನೆಯ ಪರೀಕ್ಷೆಗೆ ಒಳಪಡಿಸೋಣ. ಅದೂ ಇಷ್ಟೇ ನಿಖರವಾಗಿದ್ದರೆ ಸುಳ್ಳು ಸದ್ದು ಸುಮಾರು 8ಕ್ಕೆ ಇಳಿಯುತ್ತದೆ. ಎರಡೂ ಹಂತಗಳಲ್ಲಿ ಅಪರಾಧಿ ಸಿಕ್ಕಿಬೀಳುವ ಸಂಭವ 0.99 × 0.99, ಅಂದರೆ ಶೇಕಡ 98. ಚೌಕಟ್ಟು ಸದ್ದು ಮಾಡಿದ ಮೇಲೆ ಸಿಬ್ಬಂದಿ ಕೈಶೋಧಕದಿಂದ ಮತ್ತೆ ನೋಡುವುದು, ಆಮೇಲೆ ಕೈಯಿಂದ ತಡವಿ ನೋಡುವುದು ಈ ಲೆಕ್ಕದ ಫಲ. ಆದ್ದರಿಂದ ನಿಮ್ಮನ್ನು ಪಕ್ಕಕ್ಕೆ ಕರೆದರೆ ಅವಮಾನವೆಂದು ತಿಳಿಯಬೇಕಾಗಿಲ್ಲ. ಪಕ್ಕಕ್ಕೆ ಕರೆದವನೇ ಅಪರಾಧಿ ಎಂದು ಉಳಿದವರು ತಿಳಿಯಲೂಬಾರದು.

ಒಂದು ಎಚ್ಚರಿಕೆ: ಈ ಗುಣಾಕಾರ ಸರಿಹೋಗುವುದು ಎರಡು ಪರೀಕ್ಷೆಗಳು ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ. ಒಂದರ ಹಿಂದೊಂದರಂತೆ ಹತ್ತು ಲೋಹಶೋಧಕಗಳನ್ನು ನಿಲ್ಲಿಸಿದರೂ ಪ್ಲಾಸ್ಟಿಕ್ ಹತ್ತನ್ನೂ ದಾಟುತ್ತದೆ.

ಇನ್ನೊಂದು ಸ್ವಾರಸ್ಯ ನೋಡಿ. ಯಾವಾಗಲೂ ಸುಮ್ಮನಿರುವ ಕೆಟ್ಟುಹೋದ ಯಂತ್ರವೂ ಹರಿಹರದ 83,000 ಜನರಲ್ಲಿ 82,999 ಜನರ ವಿಷಯದಲ್ಲಿ ಸರಿಯಾದ ಉತ್ತರವನ್ನೇ ಕೊಡುತ್ತದೆ! 'ಶೇಕಡ 99ಕ್ಕಿಂತ ಹೆಚ್ಚು ನಿಖರ' ಎಂಬ ಜಾಹೀರಾತನ್ನು ಕಂಡಾಗ ಇದನ್ನು ನೆನಪಿಸಿಕೊಳ್ಳಿ.

ಕಣ್ಣು ಸೋಲುವುದೇಕೆ?

ಪರದೆಯ ಮುಂದೆ ಕೂತಿರುವುದು ಮನುಷ್ಯ. ಅವನ ಕಣ್ಣಿಗೂ ಮಿತಿಯಿದೆ. ಅಕ್ಕಿ ಆರಿಸುವಾಗ ಇದು ನಿಮ್ಮ ಅನುಭವಕ್ಕೆ ಬಂದಿರಬಹುದು. ಕಲ್ಲು ಹೆಚ್ಚಿದ್ದ ಅಕ್ಕಿಯಲ್ಲಿ ಕಣ್ಣು ಚುರುಕಾಗಿರುತ್ತದೆ. ಶುದ್ಧವಾಗಿ ಕಾಣುವ ಅಕ್ಕಿಯಲ್ಲಿ ಇದ್ದ ಒಂದೇ ಕಲ್ಲು ಊಟದಲ್ಲಿ ಹಲ್ಲಿಗೆ ಸಿಗುತ್ತದೆ!

ಅಮೆರಿಕದ ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದರು. ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ನೋಡುಗರು ತಪ್ಪಿಸಿಕೊಂಡದ್ದು ಸುಮಾರು ಶೇಕಡ 7. ಅದೇ ವಸ್ತು 100ಕ್ಕೆ ಒಂದು ಚಿತ್ರದಲ್ಲಿ ಮಾತ್ರ ಇದ್ದಾಗ ತಪ್ಪಿದ್ದು ಸುಮಾರು ಶೇಕಡ 30. ವಿಮಾನ ನಿಲ್ದಾಣದಲ್ಲಿ ನಿಜವಾದ ಬಾಂಬು ಇದಕ್ಕಿಂತ ಎಷ್ಟೋ ಪಟ್ಟು ವಿರಳ. ಆದ್ದರಿಂದಲೇ ಯಂತ್ರಗಳು ಆಗಾಗ ಪರದೆಯ ಮೇಲೆ ನಕಲಿ ಆಯುಧದ ಚಿತ್ರವನ್ನು ತಾವಾಗಿ ಸೇರಿಸಿ ಸಿಬ್ಬಂದಿಯ ಗಮನವನ್ನು ಪರೀಕ್ಷಿಸುತ್ತವೆ. ಒಬ್ಬರನ್ನೇ ಬಹಳ ಹೊತ್ತು ಪರದೆಯ ಮುಂದೆ ಕೂರಿಸದಿರುವುದೂ ಇದಕ್ಕಾಗಿಯೇ.

ಮಾಡಿ ನೋಡಿ: 200 ಚೀಟಿಗಳಲ್ಲಿ ಪ್ರತಿಯೊಂದರಲ್ಲೂ 'ರ' ಅಕ್ಷರವನ್ನು ಅಲ್ಲಲ್ಲಿ ಇಪ್ಪತ್ತು ಸಲ ಬರೆಯಿರಿ. ಮೊದಲ 100ರ ಕಟ್ಟಿನಲ್ಲಿ 50 ಚೀಟಿಗಳಲ್ಲಿ ಒಂದು 'ರ'ದೊಳಗೆ ಚುಕ್ಕೆಯಿಟ್ಟು 'ಠ' ಮಾಡಿ. ಎರಡನೆಯ ಕಟ್ಟಿನಲ್ಲಿ 2 ಚೀಟಿಗಳಲ್ಲಿ ಮಾತ್ರ ಹಾಗೆ ಮಾಡಿ. ತರಗತಿಯನ್ನು ಎರಡು ಗುಂಪಾಗಿಸಿ, ಯಾವ ಕಟ್ಟಿನಲ್ಲಿ ಎಷ್ಟಿದೆ ಎಂದು ಹೇಳದೆ, ಒಂದೊಂದು ಚೀಟಿಯನ್ನು ಮೂರು ಸೆಕೆಂಡು ತೋರಿಸಿ 'ಇದೆ', 'ಇಲ್ಲ' ಎಂದು ಬರೆಸಿ. ಎಲ್ಲರ ತಪ್ಪುಗಳನ್ನು ಒಟ್ಟುಗೂಡಿಸಿ ಶೇಕಡಾವಾರು ಹೋಲಿಸಿ.

ಯಂತ್ರಕ್ಕೆ ಸಿಗದ ಚೀಲಗಳು

ಯಂತ್ರ ಎಷ್ಟೇ ಒಳ್ಳೆಯದಿರಲಿ, ಅದರ ಮುಂದೆ ಬಾರದ ಚೀಲವನ್ನು ಅದು ನೋಡಲಾರದು. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದ ಟಿಕೆಟ್ ಕೌಂಟರ್ ಬಳಿ, ಅಂದರೆ ಪ್ರಯಾಣಿಕರ ತಪಾಸಣೆಗೂ ಮೊದಲಿನ ಜಾಗದಲ್ಲಿ, ವಾರಸುದಾರರಿಲ್ಲದ ಚೀಲವೊಂದು ಬಿದ್ದಿತ್ತು. ಅದು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿಯ ಕಣ್ಣಿಗೆ ಬಿತ್ತು. ತರಬೇತಿ ಪಡೆದ ನಾಯಿಯ ಮೂಗು ಸ್ಫೋಟಕದ ಸುಳಿವು ಕೊಟ್ಟಿತು. ಬಾಂಬ್ ನಿಷ್ಕ್ರಿಯ ದಳದವರು ಚೀಲವನ್ನು ಕೆಂಜಾರಿನ ಬಯಲಿಗೆ ಸಾಗಿಸಿ ಅದರಲ್ಲಿದ್ದ ಬಾಂಬನ್ನು ನಾಶಪಡಿಸಿದರು. ಯಾರಿಗೂ ಗಾಯವಾಗಲಿಲ್ಲ. ಇಟ್ಟವನು ಎರಡು ದಿನಗಳಲ್ಲಿ ಬೆಂಗಳೂರಿನಲ್ಲಿ ಶರಣಾದ. 2022ರಲ್ಲಿ ಅವನಿಗೆ 20 ವರ್ಷ ಶಿಕ್ಷೆಯಾಯಿತು.

ಇದಕ್ಕೆ ತದ್ವಿರುದ್ಧವಾದುದು ಏರ್ ಇಂಡಿಯಾದ 'ಕನಿಷ್ಕ' ದುರಂತ. 1985ರ ಜೂನ್ 23ರಂದು ಕೆನಡಾದಿಂದ ಬರುತ್ತಿದ್ದ ಆ ವಿಮಾನ ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬಿದ್ದ ಚೀಲ ವಿಮಾನದಲ್ಲಿತ್ತು. ಅದನ್ನು ಕಳುಹಿಸಿದವನು ವಿಮಾನ ಹತ್ತಿರಲೇ ಇಲ್ಲ. ಟೊರಾಂಟೊದಲ್ಲಿ ಆ ದಿನ ಕ್ಷ-ಕಿರಣ ಯಂತ್ರ ಕೆಟ್ಟಿದ್ದರಿಂದ ಕೈಯಲ್ಲಿ ಹಿಡಿಯುವ ಉಪಕರಣದಿಂದ ಚೀಲಗಳನ್ನು ನೋಡಲಾಗಿತ್ತು. 'ಈ ಚೀಲದ ಒಡೆಯ ವಿಮಾನದಲ್ಲಿದ್ದಾನೆಯೇ?' ಎಂಬ ಸರಳ ಪ್ರಶ್ನೆಗೆ ಯಾವ ಯಂತ್ರವೂ ಬೇಕಿರಲಿಲ್ಲ. ಇಂದು ಚೀಲಕ್ಕೂ ಪ್ರಯಾಣಿಕನಿಗೂ ತಾಳೆ ನೋಡುವುದು ಕಡ್ಡಾಯ ಕ್ರಮ.

ಪರಿಣಾಮವನ್ನು ಅಳೆಯುವುದು ಹೇಗೆ?

'ಇಷ್ಟು ವರ್ಷ ಏನೂ ಆಗಲಿಲ್ಲ' ಎಂಬುದು ತಪಾಸಣೆ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಾಗದು. ಯಾರೂ ಪ್ರಯತ್ನಿಸದೆಯೂ ಇರಬಹುದು. ತಪಾಸಣೆಗೆ ಹೆದರಿ ಪ್ರಯತ್ನ ಬಿಟ್ಟವರೆಷ್ಟು ಎಂದು ಎಣಿಸಲೂ ಆಗದು. ಆದ್ದರಿಂದ ಇರುವ ದಾರಿ ಗುಪ್ತ ಪರೀಕ್ಷೆ: ಸಿಬ್ಬಂದಿಗೆ ತಿಳಿಸದೆ ನಕಲಿ ಆಯುಧಗಳನ್ನು ಕಳುಹಿಸಿ ಎಷ್ಟು ಸಿಕ್ಕಿಬಿದ್ದವು ಎಂದು ಎಣಿಸುವುದು. ಅಮೆರಿಕದಲ್ಲಿ ನಡೆದ ಇಂಥ ಪರೀಕ್ಷೆಗಳಲ್ಲಿ 70ರಲ್ಲಿ 67 ಬಾರಿ ವಸ್ತುಗಳು ದಾಟಿಹೋದವೆಂದು 2015ರಲ್ಲಿ ವರದಿಯಾಗಿ ದೊಡ್ಡ ಗದ್ದಲವೇ ಆಯಿತು. ಆದರೆ ಪರೀಕ್ಷಿಸಿದ್ದರಿಂದಲೇ ಲೋಪ ತಿಳಿಯಿತು ಎಂಬುದನ್ನು ಮರೆಯಬಾರದು.

ಪರೀಕ್ಷಿಸದೆ ನಂಬಿದರೆ ಏನಾಗುತ್ತದೆ? ಎಡಿಇ 651 ಎಂಬ 'ಬಾಂಬ್ ಶೋಧಕ'ದ ಕಥೆ ಕೇಳಿ. ಹಿಡಿಕೆಗೆ ಸಿಕ್ಕಿಸಿದ, ಅತ್ತಿತ್ತ ತಿರುಗುವ ಒಂದು ಕಡ್ಡಿ. ಒಳಗೆ ಬ್ಯಾಟರಿಯೂ ಇಲ್ಲ, ಕೆಲಸ ಮಾಡುವ ಯಾವ ಮಂಡಲವೂ ಇಲ್ಲ. ಬ್ರಿಟನ್ನಿನ ವ್ಯಾಪಾರಿಯೊಬ್ಬ ಇದನ್ನು ಇರಾಕಿಗೆ ಕೋಟ್ಯಂತರ ರೂಪಾಯಿ ಬೆಲೆಗೆ ಮಾರಿದ. ಅಲ್ಲಿನ ರಸ್ತೆ ತಪಾಸಣೆಯಲ್ಲಿ ಸೈನಿಕರು ಅದನ್ನು ನಂಬಿ ವಾಹನಗಳನ್ನು ಬಿಟ್ಟರು. 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ ಅವನಿಗೆ 10 ವರ್ಷ ಸೆರೆವಾಸ ವಿಧಿಸಿತು. ಹತ್ತು ಪೆಟ್ಟಿಗೆಗಳಲ್ಲಿ ಒಂದರಲ್ಲಿ ಮಾತ್ರ ವಸ್ತುವಿಟ್ಟು, ಯಾವುದರಲ್ಲಿದೆ ಎಂದು ತಿಳಿಯದವರ ಕೈಗೆ ಉಪಕರಣ ಕೊಟ್ಟು ಹಲವು ಸಲ ಪರೀಕ್ಷಿಸಿದ್ದರೆ ಸಾಕಿತ್ತು. ಅಷ್ಟನ್ನು ನಿಮ್ಮ ಶಾಲೆಯ ಮಕ್ಕಳೂ ಮಾಡಬಲ್ಲರು.

ಹೀಗಾಗಿ ಯಾವುದೇ ತಪಾಸಣೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ. ಇದ್ದದ್ದನ್ನು ನೂರಕ್ಕೆ ಎಷ್ಟು ಸಲ ಹಿಡಿಯುತ್ತದೆ? ಇಲ್ಲದಿದ್ದಾಗ ಎಷ್ಟು ಸಲ ಸುಳ್ಳು ಸದ್ದು ಮಾಡುತ್ತದೆ? ಹುಡುಕುವ ವಸ್ತು ಎಷ್ಟು ವಿರಳ? ಸದ್ದಾದ ಮೇಲೆ ಯಾರು, ಏನು ಮಾಡುತ್ತಾರೆ? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ದ್ವಾರ ಪೀಂ ಎನ್ನುತ್ತಲೇ ಇರುತ್ತದೆ, ಜನ ದಾಟುತ್ತಲೇ ಇರುತ್ತಾರೆ. ಈ ಪ್ರಶ್ನೆಗಳು ವಿಮಾನ ನಿಲ್ದಾಣಕ್ಕಷ್ಟೇ ಸೀಮಿತವಲ್ಲ. ರೋಗಪತ್ತೆಯ ರಕ್ತಪರೀಕ್ಷೆಗೂ ಇವೇ ಅನ್ವಯಿಸುತ್ತವೆ. ಮುಂದಿನ ಸಲ ಪ್ರಯೋಗಾಲಯದ ವರದಿ ಕೈಗೆ ಬಂದಾಗ ಹರಿಹರದ ಲೆಕ್ಕವನ್ನು ನೆನಪಿಸಿಕೊಳ್ಳಿ.